ಒಂದು ಬೇಸಿಗೆಯ ಕ್ವಾರ್ಟರ್‌ಬ್ಯಾಕ್

ನಮ್ಮ ಮಗ ಗುರುವಿಗೆ ಯಾವ ವಸ್ತುವನ್ನೂ ಕೈಗೆ ಕೊಡುವ ಅಭ್ಯಾಸವಿಲ್ಲ. ಎಸೆಯುತ್ತಾನೆ. ಕಾರಿನ ಕೀಲಿ ಕೇಳಿದರೆ ಎಸೆಯುತ್ತಾನೆ, ಟಿವಿಯ ರಿಮೋಟ್ ಕೇಳಿದರೆ ಎಸೆಯುತ್ತಾನೆ. ಕಳೆದ ಭಾನುವಾರ ಅವನ ತಾಯಿ ಅಡುಗೆಮನೆಯಿಂದ, ಚಿತ್ರಾನ್ನಕ್ಕೆ ನಿಂಬೆಹಣ್ಣು ತಂದುಕೊಡು ಎಂದು ಕೂಗಿದಳು. ಇವನು ಸೋಫಾದಿಂದ ಏಳಲಿಲ್ಲ. ಕಾಲ ಬಳಿ ಬಿಚ್ಚದೆ ಬಿದ್ದಿದ್ದ ಅಂಗಡಿಯ ಚೀಲದಿಂದ ಒಂದು ನಿಂಬೆಹಣ್ಣು ತೆಗೆದು, ನನ್ನ ಕಿವಿಯ ಪಕ್ಕದಿಂದ, ಬಾಗಿಲ ಚೌಕಟ್ಟಿನ ನಡುವಿನಿಂದ ಬಿಟ್ಟ. ಅದು ಹೋಗಿ ಅವಳ ಅಂಗೈಯಲ್ಲಿ ಕೂತಿತು. ಪಾಪ, ಅವಳು ಕೈ ಚಾಚಿದ್ದು ಉಪ್ಪಿನ ಡಬ್ಬಿಗೆ.

ಗುರುರಾಜ ನಮ್ಮ ಒಬ್ಬನೇ ಮಗ. ಈಗ ಲಂಡನ್ನಿನ ಅಂಚಿನ ಅಕ್ಸ್‌ಬ್ರಿಡ್ಜಿನ ಒಂದು ಕಚೇರಿಯಲ್ಲಿ ಕೂತು ಯಾವ ಲಾರಿ ಯಾವ ಊರಿಗೆ ಯಾವ ದಾರಿ ಹಿಡಿದು ಹೋಗಬೇಕೆಂದು ಗೊತ್ತುಮಾಡುತ್ತಾನೆ. ಅಲ್ಲಿಯೇ ಒಂದು ಫ್ಲ್ಯಾಟಿನಲ್ಲಿದ್ದಾನೆ. ಭಾನುವಾರ ಊಟಕ್ಕೆ ಹ್ಯಾರೋದ ನಮ್ಮ ಮನೆಗೆ ಬರುತ್ತಾನೆ. ನಡು ಸ್ವಲ್ಪ ದಪ್ಪವಾಗಿದೆ. ಅವನನ್ನು ಟ್ಯೂಬ್ ರೈಲಿನಲ್ಲಿ ಎದುರಿಗೆ ಕೂರಿಸಿ ಈತ ಯಾರೆಂದು ಹೇಳಿ ಎಂದರೆ, ನೀವು ಬೇರೆ ಏನಾದರೂ ಹೇಳೀರಿ, ಈತ ಒಂದು ಕಾಲಕ್ಕೆ ಸಂಬಳ ತೆಗೆದುಕೊಂಡು ಅಮೆರಿಕನ್ ಫುಟ್‌ಬಾಲ್ ಆಡುತ್ತಿದ್ದನೆಂದು ಮಾತ್ರ ಹೇಳಲಾರಿರಿ. ಆಡಿದ್ದು ಒಂದೇ ಬೇಸಿಗೆ. ಆ ಬೇಸಿಗೆಯಲ್ಲೂ ಬಹುಪಾಲು ನಿಂತೇ ಇದ್ದ. ಆದರೂ ಆಡಿದ್ದು ಆಡಿದ್ದೇ.

ಈ ಆಟದ ಹೆಸರೇ ಒಂದು ಸುಳ್ಳು. ಫುಟ್‌ಬಾಲ್ ಎನ್ನುತ್ತಾರೆ, ಆದರೆ ಚೆಂಡಿಗೆ ಕಾಲು ತಾಗುವುದು ಅಪರೂಪ. ಚೆಂಡೂ ಚೆಂಡಿನ ಹಾಗಿಲ್ಲ, ಎರಡೂ ತುದಿ ಚೂಪಾದ ಪುಟ್ಟ ಕುಂಬಳಕಾಯಿಯ ಹಾಗಿದೆ. ಹೆಲ್ಮೆಟ್ ಹಾಕಿಕೊಂಡ ಹನ್ನೊಂದು ಜನ ಈ ಕಡೆ, ಹನ್ನೊಂದು ಜನ ಆ ಕಡೆ. ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಎಂಬ ಒಬ್ಬನ ಕೈಗೆ. ಅವನನ್ನು ಕೆಡವಲು ಎದುರಿನವರು ಗೂಳಿಗಳ ಹಾಗೆ ನುಗ್ಗಿ ಬರುತ್ತಾರೆ. ಅವರು ಬಂದು ಬಡಿಯುವಷ್ಟರಲ್ಲಿ, ದೂರದಲ್ಲಿ ಓಡುತ್ತಿರುವ ತನ್ನವರಲ್ಲಿ ಯಾರ ಕೈಗೆ ಎಸೆಯಬೇಕೆಂದು ಅವನು ತೀರ್ಮಾನಿಸಿ ಎಸೆಯಬೇಕು. ಇಷ್ಟೇ ಆಟ. ಇಷ್ಟನ್ನು ತಿಳಿದುಕೊಳ್ಳಲು ನನಗೆ ಎರಡು ಚಳಿಗಾಲ ಹಿಡಿಯಿತು.

ನಾನು ಧಾರವಾಡದ ಓಣಿಯಲ್ಲಿ ಲಗೋರಿ ಆಡಿ ಬೆಳೆದವನು. ಹರಕು ಬಟ್ಟೆಯನ್ನು ಬಿಗಿಯಾಗಿ ಸುತ್ತಿ, ಮೇಲೆ ಹಳೆ ಸೈಕಲ್ ಟ್ಯೂಬಿನ ಪಟ್ಟಿಗಳನ್ನು ಏರಿಸಿದರೆ ನಮ್ಮ ಚೆಂಡು. ಅದು ಬೆನ್ನಿಗೆ ಬಿದ್ದರೆ ಸಂಜೆ ಸ್ನಾನದ ನೀರು ತಾಗಿದಾಗ ಎಲ್ಲಿ ಬಿದ್ದಿತ್ತೆಂದು ನೆನಪಾಗುತ್ತಿತ್ತು. ನನ್ನ ಗುರಿ ಹೇಗಿತ್ತೆಂದರೆ, ನಾನು ಎಸೆಯುವ ಸರದಿ ಬಂದಾಗ ಲಗೋರಿಯ ಹಿಂದೆ ನಿಂತವರು ನಿಶ್ಚಿಂತೆಯಿಂದ ಇರುತ್ತಿದ್ದರು, ಪಕ್ಕದ ಕಟ್ಟೆಯ ಮೇಲೆ ಕೂತ ಮುದುಕರು ಎದ್ದು ಒಳಗೆ ಹೋಗುತ್ತಿದ್ದರು. ಇಂಥವನ ಮಗನಿಗೆ ಆ ತೋಳು ಎಲ್ಲಿಂದ ಬಂತೋ. ಅದು ತನ್ನ ತವರಿನದು ಎಂದು ನನ್ನ ಹೆಂಡತಿ ವತ್ಸಲಾ ಹೇಳುತ್ತಾಳೆ. ಅವಳ ತಂದೆ ವಿಜಯಪುರದಲ್ಲಿ ಪೋಸ್ಟ್ ಮಾಸ್ಟರ್ ಆಗಿದ್ದರು, ಅವರು ಏನನ್ನಾದರೂ ಎಸೆದದ್ದನ್ನು ನಾನಂತೂ ನೋಡಿಲ್ಲ.

ನನಗಿದ್ದ ಆಸೆ ಕ್ರಿಕೆಟ್ಟಿನದು. ಹ್ಯಾರೋದ ಒಂದು ಕ್ಲಬ್ಬಿಗೆ ಸೇರಿಸಿದೆ. ಮಗ ಬ್ಯಾಟು ಹಿಡಿದು ಬರುವಾಗ ಬಹಳ ಚೆಂದ ಕಾಣುತ್ತಿದ್ದ, ಹಿಂದಿರುಗುವಾಗಲೂ ಹಾಗೇ ಕಾಣುತ್ತಿದ್ದ, ನಡುವೆ ಅವಧಿ ಕಡಿಮೆ. ಆದರೆ ಬೌಂಡರಿಯಿಂದ ಅವನು ಎಸೆದ ಚೆಂಡು ನೆಲ ಮುಟ್ಟದೆ ಕೀಪರನ ಕೈಸೇರುತ್ತಿತ್ತು. ಅಕ್ಸ್‌ಬ್ರಿಡ್ಜಿನ ವಿಶ್ವವಿದ್ಯಾಲಯಕ್ಕೆ ಸೇರಿದ ಮೊದಲ ವಾರದಲ್ಲಿ, ಕ್ಲಬ್ಬುಗಳವರು ಮೇಜು ಹಾಕಿಕೊಂಡು ಕೂತ ಸಾಲಿನಲ್ಲಿ, ಯಾರೋ ಒಬ್ಬ ಇವನ ಕೈಗೆ ಆ ಚೂಪು ಚೆಂಡನ್ನು ಕೊಟ್ಟು ಎಸೆ ಎಂದನಂತೆ. ಇವನು ಎಸೆದ. ಅದು ಹುಲ್ಲುಹಾಸು ದಾಟಿ ಗ್ರಂಥಾಲಯದ ಮೆಟ್ಟಿಲ ಮೇಲೆ ಬಿತ್ತು. ಅವರು ಹೆಸರು ಕೇಳಿದರು. ಗುರು ಎಂದ. ಅದು ಹೆಸರಲ್ಲ, ಬಿರುದು ಎಂದು ಅವರು ತಿಳಿದರು. ಮೂರು ವರ್ಷ ಆ ತಪ್ಪು ತಿಳಿವಳಿಕೆಯನ್ನು ನಮ್ಮವನು ತಿದ್ದಲಿಲ್ಲ.

ನಾವು ಮೊದಲ ಸಲ ಆಟ ನೋಡಲು ಹೋದದ್ದು ಒಂದು ನವೆಂಬರ್ ಭಾನುವಾರ. ಮೈದಾನದ ಅಂಚಿನಲ್ಲಿ ಚಹದ ಫ್ಲಾಸ್ಕ್ ಹಿಡಿದು ನಿಂತೆವು. ಎಲ್ಲರೂ ಹೆಲ್ಮೆಟ್ ಹಾಕಿಕೊಂಡಿದ್ದರಿಂದ ನಮ್ಮ ಮಗ ಯಾರೆಂದೇ ಗೊತ್ತಾಗಲಿಲ್ಲ. ವತ್ಸಲಾ ಸ್ವಲ್ಪ ಹೊತ್ತು ಬೇರೆ ಯಾರದೋ ಮಗನಿಗಾಗಿ ಗಾಬರಿಪಟ್ಟಳು. ಆಗ ಮೈದಾನದ ನಡುವಿನಿಂದ ಒಂದು ಧ್ವನಿ ಕೇಳಿತು: "ಬದನೀಕಾಯಿ, ಬದನೀಕಾಯಿ."

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಐದು ವರ್ಷದವನಾಗಿದ್ದಾಗಿನಿಂದ, ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಹುಡುಗ ಅವನು. ಈಗ ಅವನ ಕೂಗಿಗೆ ಕೆಂಗೂದಲಿನ ಒಬ್ಬ ದೈತ್ಯ ತನ್ನ ಜಾಗ ಬಿಟ್ಟು ಎಡಗಡೆಗೆ ಸರಿದು ನಿಂತ.

"ಇವಂಗ ಬದನೀಕಾಯಿ ಕಂಡ್ರ ಆಗೂದಿಲ್ಲ," ಎಂದಳು ವತ್ಸಲಾ. "ಇಲ್ಲಿ ಬಂದು ಯಾಕ ಅದನ್ನ ಒದರ್ಲಿಕತ್ತಾನ?"

ಆಮೇಲೆ ತಿಳಿಯಿತು. ಆಟ ಶುರುವಾಗುವ ಗಳಿಗೆಯಲ್ಲಿ ಎದುರಾಳಿಗಳು ನಿಂತ ರೀತಿ ನೋಡಿ ಯೋಜನೆ ಬದಲಿಸಬೇಕಾದರೆ ಕ್ವಾರ್ಟರ್‌ಬ್ಯಾಕ್ ಒಂದು ಗುಟ್ಟಿನ ಪದ ಕೂಗುತ್ತಾನೆ. ಇಂಗ್ಲಿಷ್ ಪದಗಳನ್ನು ಎದುರಿನವರು ಬೇಗ ಊಹಿಸಿಬಿಡುತ್ತಾರೆಂದು ಇವನು ಮನೆಯ ಪದಗಳನ್ನು ಇಟ್ಟುಕೊಂಡಿದ್ದ. ಬದನೀಕಾಯಿ ಎಂದರೆ ಎಡಕ್ಕೆ ಓಡುವುದು. ಝುಣಕ, ಅದೇ ಕಡಲೆಹಿಟ್ಟಿನ ಪಲ್ಯ, ಎಂದರೆ ಬಲಕ್ಕೆ. ಅಜ್ಜಿ ಎಂದರೆ ಯಾವುದನ್ನೂ ಲೆಕ್ಕಿಸದೆ ನೆಟ್ಟಗೆ ನುಗ್ಗುವುದು. ತೀರಿಹೋದ ನನ್ನ ತಾಯಿಯನ್ನು ಕಂಡವರು ಯಾರೂ ಈ ಕೊನೆಯದಕ್ಕೆ ತಕರಾರು ಮಾಡಲಾರರು. ಆ ತಂಡದ ಹುಡುಗರು ಝ ಅಕ್ಷರದೊಂದಿಗೆ ಪಟ್ಟ ಪಾಡನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಊಟದ ಮೇಜಿನಲ್ಲಿ ಇಷ್ಟು ವರ್ಷ ನಾವಾಡಿದ ಮಾತೆಲ್ಲ ಕಲ್ಲಿನ ಮೇಲೆ ಬಿದ್ದ ನೀರೆಂದು ತಿಳಿದಿದ್ದೆ. ಅವನು ಅದನ್ನು ಎಲ್ಲಿ ಇಟ್ಟುಕೊಂಡಿದ್ದನೋ.

ಓದು ಮುಗಿಯಿತು. ಈಗಿನದೇ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಒಳ್ಳೆಯ ಕೆಲಸ, ಮೇಲೇರುವ ದಾರಿಯಿತ್ತು. ಒಂದು ವರ್ಷವಾಗುವ ಹೊತ್ತಿಗೆ ಜರ್ಮನಿಯ ಒಂದು ಊರಿನ ತಂಡದಿಂದ ಕರೆ ಬಂತು. ಅಲ್ಲಿ ಈ ಆಟಕ್ಕೆ ಜನ ಟಿಕೆಟ್ ಕೊಂಡು ಬರುತ್ತಾರೆ, ಆಟಗಾರರಿಗೆ ಸಂಬಳ ಕೊಡುತ್ತಾರೆ. ಇವನ ಕಾಲೇಜು ಆಟದ ವಿಡಿಯೋಗಳನ್ನು ಅಲ್ಲಿಯ ಕೋಚ್ ನೋಡಿದ್ದನಂತೆ. ಇರಲು ಒಂದು ಫ್ಲ್ಯಾಟು, ಓಡಾಡಲು ಒಂದು ಸೈಕಲ್ಲು, ಸಂಬಳ ಇವನ ಕಚೇರಿಯದಕ್ಕಿಂತ ಕಡಿಮೆ. ಹೋದರೆ ಕಚೇರಿ ಬಿಡಬೇಕು.

ಆ ಸಂಜೆ ನಾನು ಒಂದು ಭಾಷಣ ಮಾಡಿದೆ. ಕೌನ್ಸಿಲ್ಲಿನ ಕಸ ವಿಲೇವಾರಿ ವಿಭಾಗದಲ್ಲಿ ಜೀವಮಾನ ಕಳೆದವನು ನಾನು. ಸ್ಥಿರತೆಯ ಬಗ್ಗೆ ನನಗೆ ಹೇಳಲು ಬಹಳ ಇತ್ತು. ಮಳೆ ಬರಲಿ, ಮಂಜು ಬೀಳಲಿ, ಬುಧವಾರ ಕಸದ ಲಾರಿ ಬರಲೇಬೇಕು ಎಂಬಲ್ಲಿಗೆ ಬಂದಾಗ ಯಾರೂ ಕೇಳುತ್ತಿಲ್ಲವೆಂದು ಗೊತ್ತಾಗಿ ನಿಲ್ಲಿಸಿದೆ. ವತ್ಸಲಾ ಹೆಚ್ಚು ಮಾತಾಡಿರಲಿಲ್ಲ. ಓದಿದ್ದನ್ನೆಲ್ಲ ನೀರುಪಾಲು ಮಾಡುತ್ತಾನೆಂದು ನನ್ನ ಹತ್ತಿರ ಅಡುಗೆಮನೆಯಲ್ಲಿ ಅತ್ತಿದ್ದಳು. ಈಗ ಅವನಿಗೆ ಒಂದೇ ಪ್ರಶ್ನೆ ಕೇಳಿದಳು.

"ನೀ ಹೋಗಲಿಲ್ಲಂದ್ರ ಏನಾಗ್ತದ?"

"ಏನೂ ಆಗೂದಿಲ್ಲಮ್ಮ," ಎಂದ. "ಅದೇ ತ್ರಾಸು."

ಮರುದಿನ ಅವಳು ಪೇಟೆಗೆ ಹೋಗಿ ಉಣ್ಣೆಯ ಕಾಲುಚೀಲ ತಂದಳು. ಅವನು ಹೋಗುವುದು ಬೇಸಿಗೆಗೆ ಎಂದು ನಾನು ನೆನಪಿಸಿದೆ. ನಾನು ನೆನಪಿಸುವ ವಿಷಯಗಳಿಗೆ ಈ ಮನೆಯಲ್ಲಿ ಸಿಗುವ ಮರ್ಯಾದೆ ನಿಮಗೆ ಗೊತ್ತೇ ಇದೆ.

ಅಲ್ಲಿ ಹೋದ ಮೇಲೆ ತಿಳಿದದ್ದು, ಇವನಿಗಿಂತ ಮೊದಲು ಒಬ್ಬ ಅಮೆರಿಕದ ಹುಡುಗನನ್ನು ಅವರು ಗೊತ್ತುಮಾಡಿದ್ದರು. ಅವನೇ ಆಡುವವನು, ಇವನು ಅವನ ಹಿಂದೆ ಕಾಯುವವನು. ಇಬ್ಬರೂ ಒಂದೇ ಫ್ಲ್ಯಾಟಿನಲ್ಲಿದ್ದರು. ಆ ಹುಡುಗ ಒಳ್ಳೆಯವನಂತೆ, ಬರೀ ಮೊಟ್ಟೆ ಬೇಯಿಸಿಕೊಂಡು ತಿನ್ನುತ್ತಿದ್ದನಂತೆ, ತನ್ನೂರಿನ ಕಾಲೇಜಿನಲ್ಲಿ ಊರಿಗೆ ಊರೇ ನೆರೆಯುವ ಸ್ಟೇಡಿಯಮ್ಮಿನಲ್ಲಿ ಆಡಿದವನಂತೆ. ಅವನು ಪಕ್ಕದಲ್ಲೇ ಇರುತ್ತಿದ್ದುದರಿಂದ ನಮ್ಮ ಗುರು ಫೋನಿನಲ್ಲಿ ಕನ್ನಡ ಮಾತಾಡಲು ಶುರುಮಾಡಿದ. ಗುಟ್ಟು ಹೇಳಲು ಬೇರೆ ದಾರಿ ಇರಲಿಲ್ಲ. ಮೊದಲು ತಡವರಿಸುತ್ತಿದ್ದ, ಆಮೇಲಾಮೇಲೆ ಪರವಾಗಿಲ್ಲ ಎನ್ನುವ ಹಾಗಾಯಿತು. ಮೈದಾನದಲ್ಲಿ ಬದನೀಕಾಯಿ ನಡೆಯುತ್ತದೆಯೇ ಎಂದು ಅವನ ತಾಯಿ ಕೇಳಿದಳು. ಇಲ್ಲ, ಇಲ್ಲಿ ಎಲ್ಲ ಪದಗಳೂ ಕೋಚಿನವು ಎಂದ.

ವಾರವಾರವೂ ಆಡಿದೆಯಾ ಎಂದು ಕೇಳುತ್ತಿದ್ದೆವು. ಇಲ್ಲ, ಆದರೆ ಗೆದ್ದೆವು ಎನ್ನುತ್ತಿದ್ದ. ಅಥವಾ ಇಲ್ಲ, ಸೋತೆವು. ಕಿವಿಗೆ ಫೋನು ಸಿಕ್ಕಿಸಿಕೊಂಡು ಅಂಚಿನಲ್ಲಿ ನಿಂತು, ಆಡುವವನಿಗೆ ಕೈಸನ್ನೆ ಮಾಡುವುದು ಅವನ ಕೆಲಸ. ಕೆಲವು ವಾರಗಳಾದ ಮೇಲೆ ನಾವು ಕೇಳುವುದನ್ನು ಬಿಟ್ಟೆವು. ಆದರೆ ಹ್ಯಾರೋದ ಜನ ಬಿಡಬೇಕಲ್ಲ. ದೇವಸ್ಥಾನದಲ್ಲಿ, ಕಿರಾಣಿ ಅಂಗಡಿಯಲ್ಲಿ, ಬೆಳಗಾವಿಯ ಕುಲಕರ್ಣಿ ಸಿಕ್ಕಲ್ಲೆಲ್ಲ ಕೇಳುತ್ತಿದ್ದ. ಕುಲಕರ್ಣಿ ನಮ್ಮ ಹಿಂದಿನ ಬೀದಿಯವನು, ನನ್ನ ಹಳೆಯ ಸ್ನೇಹಿತ. ಗುರು ತಂಡದಲ್ಲಿ ಡೆಪ್ಯುಟಿ ಎಂದು ಅವನಿಗೆ ಹೇಳಿದೆ. ನಮ್ಮ ಕಡೆ ಡೆಪ್ಯುಟಿ ಎಂದರೆ ಸಣ್ಣ ಹುದ್ದೆಯಲ್ಲ. ಕುಲಕರ್ಣಿ ಗೌರವದಿಂದ ತಲೆಯಾಡಿಸಿದ. ಮನೆಗೆ ಬಂದು ನನಗೆ ನನ್ನ ಮೇಲೆಯೇ ನಗು ಬಂತು. ಆಮೇಲೆ ಯಾಕೋ ನಗು ನಿಂತಿತು. ದೂರದ ಊರಿನಲ್ಲಿ ಒಬ್ಬ ಹುಡುಗ ದಿನವೂ ಬೆಳಿಗ್ಗೆ ಎದ್ದು, ತನಗೆ ಸಿಗದ ಆಟಕ್ಕೆ ತಯಾರಾಗುತ್ತಿದ್ದಾನೆ. ನಾನು ಇಲ್ಲಿ ಅದಕ್ಕೊಂದು ಹುದ್ದೆಯ ಹೆಸರು ಹುಡುಕುತ್ತಿದ್ದೇನೆ.

ಬೇಸಿಗೆಯ ನಡುವೆ ಅಮೆರಿಕದ ಹುಡುಗನ ಭುಜದ ಕೀಲು ತಪ್ಪಿತು. ಗುರುವನ್ನು ಇಳಿಸಿದರು. ಆ ಮೊದಲ ಪಂದ್ಯವನ್ನು ನಾವಿಬ್ಬರೇ ಕಂಪ್ಯೂಟರಿನಲ್ಲಿ ನೋಡಿದೆವು. ನೋಡಬಾರದಿತ್ತು. ಎಸೆದದ್ದು ಎದುರಾಳಿಗಳ ಕೈಗೆ ಹೋಯಿತು, ಎಸೆಯುವ ಮೊದಲೇ ಇವನನ್ನು ಕೆಡವಿದರು, ಕೆಡವಿದ ಮೇಲೆ ಎದ್ದು ನಿಲ್ಲುವುದಕ್ಕೆ ತಡವಾಯಿತು. ತಂಡ ಹೀನಾಯವಾಗಿ ಸೋತಿತು. ಸಂಜೆಯ ಫೋನಿನಲ್ಲಿ ಊಟವಾಯಿತೇ ಎಂದು ಕೇಳಿದೆವು, ಆಯಿತು ಎಂದ.

ಮುಂದಿನ ಪಂದ್ಯಕ್ಕೆ ಎರಡು ದಿನ ಇರುವಾಗ ಅವನೇ ಫೋನು ಮಾಡಿದ. "ಶನಿವಾರ ನೋಡ್ರಿ," ಎಂದ. "ಕುಲಕರ್ಣಿ ಕಾಕಾಗೂ ಬರ್ಲಿಕ್ಕೆ ಹೇಳ್ರಿ. ಯಾರ್ಯಾರು ಬರ್ತಾರೋ ಎಲ್ಲಾರನೂ ಕರೀರಿ." ಅವನ ಧ್ವನಿ ಹಗುರವಾಗಿತ್ತು. ಮಗನಿಗೆ ಧೈರ್ಯ ಬಂದಿದೆ ಎಂದು ನನಗೆ ಸಮಾಧಾನವಾಯಿತು. ಕುಲಕರ್ಣಿ ಬಂದ. ಈಸ್ಟ್ ಹ್ಯಾಮಿನಲ್ಲಿ ಹೋಟೆಲು ನಡೆಸುವ ಕುಂದಾಪುರದ ಶೆಟ್ಟರು ಅರ್ಧ ಲಂಡನ್ ದಾಟಿ ಬಂದರು.

ಆಟದ ವಿವರಣೆ ಜರ್ಮನ್ ಭಾಷೆಯಲ್ಲಿತ್ತು. ನಡುನಡುವೆ ಗುರುರಾಜ ಎಂಬ ಹೆಸರು ಮಾತ್ರ, ಸ್ವಲ್ಪ ಗಾಯಗೊಂಡ ಸ್ಥಿತಿಯಲ್ಲಿ, ನಮ್ಮ ಕಿವಿಗೆ ಬೀಳುತ್ತಿತ್ತು. ಅವನು ಹೋದ ವಾರದ ಹುಡುಗನಲ್ಲ. ಬಡಿಯಲು ಬರುವವರನ್ನು ನೋಡುತ್ತಲೇ ಇರಲಿಲ್ಲ. ಅವರ ತಲೆಯ ಮೇಲಿಂದ ದೂರಕ್ಕೆ, ಬೇರೆ ಏನನ್ನೋ ನೋಡುತ್ತಿದ್ದ. ಎಸೆಯಲು ಆತುರವಿರಲಿಲ್ಲ, ಅಂಜಿಕೆಯಿರಲಿಲ್ಲ. ಆದರೂ ಕೊನೆಯ ಹೊತ್ತಿಗೆ ಅವರ ತಂಡ ಹಿಂದೆ ಇತ್ತು. ಆಗ ಅವನು ಚೆಂಡು ಹಿಡಿದು ಹಿಂದೆ ಸರಿದ. ಒಬ್ಬ ಬಂದು ಪಕ್ಕೆಗೆ ಗುದ್ದುವ ಕ್ಷಣಕ್ಕೆ ಸರಿಯಾಗಿ ಕೈ ಬೀಸಿದ. ಚೆಂಡು ಮೇಲೇರಿತು. ಅಷ್ಟರಲ್ಲಿ ನಮ್ಮ ಇಂಟರ್ನೆಟ್ ಕೈಕೊಟ್ಟಿತು.

ಚೆಂಡು ಗಾಳಿಯಲ್ಲಿ, ಮಗ ನೆಲದ ಮೇಲೆ. ಪರದೆಯ ನಡುವೆ ಒಂದು ಚಕ್ರ ತಿರುಗುತ್ತಿತ್ತು. ಚಿತ್ರ ಮತ್ತೆ ಬಂದಾಗ ಮೈದಾನದ ಮೂಲೆಯಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ಅವರ ಅಂಗಿಯ ಬಣ್ಣ ನೋಡಿದೆವು. ನಮ್ಮದೇ.

ಆಮೇಲೆ ಒಂದು ವಿಚಿತ್ರ ನಡೆಯಿತು. ಎದುರಿನವರು ತಮ್ಮ ಸರದಿ ಕಳೆದುಕೊಂಡ ಮೇಲೆ ಚೆಂಡು ಮತ್ತೆ ಇವನ ಕೈಗೆ ಬಂತು. ಇವನು ಎಸೆಯಲಿಲ್ಲ, ಓಡಲಿಲ್ಲ. ಚೆಂಡು ಹಿಡಿದು ಒಂದು ಮೊಣಕಾಲನ್ನು ನೆಲಕ್ಕೆ ಊರಿ ಕೂತ. ಯಾರೂ ಅವನ ಮೈ ಮುಟ್ಟಲಿಲ್ಲ. ಇನ್ನೊಮ್ಮೆ ಹಾಗೇ ಮಾಡಿದ.

"ಪೆಟ್ಟಾಗೇದೇನ್ರಿ?" ಎಂದ ಕುಲಕರ್ಣಿ. ಶೆಟ್ಟರು, "ಪ್ರಾರ್ಥನೆ ಮಾಡುದಾ ಮಾರಾಯ್ರೆ?" ಎಂದರು. ವತ್ಸಲಾ ಎದ್ದು ನಿಂತಳು. ಅಷ್ಟರಲ್ಲಿ ಎಲ್ಲರೂ ಹೆಲ್ಮೆಟ್ ತೆಗೆದು ಪರಸ್ಪರ ಕೈ ಕುಲುಕುತ್ತಿದ್ದರು. ಆಟ ಮುಗಿದಿತ್ತು, ನಮ್ಮವರು ಗೆದ್ದಿದ್ದರು.

ಮುಂದಿನ ವಾರ ನಾವು ಮತ್ತೆ ಪರದೆಯ ಮುಂದೆ ಕೂತರೆ, ಗುರುವಿನ ಜಾಗದಲ್ಲಿ ಬೇರೊಬ್ಬನಿದ್ದ. ಹೊಸ ಅಮೆರಿಕದವನು. ಗುರು ಅಂಚಿನಲ್ಲಿ ನಿಂತು ಕೈಸನ್ನೆ ಮಾಡುತ್ತಿದ್ದ. ಬೇಸಿಗೆ ಮುಗಿಯುವವರೆಗೂ ಹಾಗೇ ನಿಂತಿದ್ದ. ಮುಂದಿನ ವರ್ಷಕ್ಕೆ ಯಾರೂ ಕರೆಯಲಿಲ್ಲ. ಹಳೆಯ ಕಚೇರಿಯವರೇ ಅವನನ್ನು ಮತ್ತೆ ಸೇರಿಸಿಕೊಂಡರು.

ಅವನನ್ನು ಕರೆತರಲು ಹೀಥ್ರೂ ವಿಮಾನ ನಿಲ್ದಾಣಕ್ಕೆ ನಾನೊಬ್ಬನೇ ಹೋದೆ. ಗೆಲುವು ಸೋಲಿನ ಬಗ್ಗೆ ಕೆಲವು ಗಾದೆಗಳನ್ನು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡಿದ್ದೆ. ಅವನು ಬಂದ, ಕಾರಿನ ಹಿಂದೆ ಚೀಲ ಹಾಕಿದ, ಪಕ್ಕದಲ್ಲಿ ಕೂತ. ಗಾದೆಗಳು ಒಂದೂ ಬಾಯಿಗೆ ಬರಲಿಲ್ಲ. ಸಂಜೆಯ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಸಾಗಿದೆವು. ಕಡೆಗೆ ನಾನು ಬಹಳ ದಿನದಿಂದ ಮನಸ್ಸಿನಲ್ಲಿದ್ದುದನ್ನು ಕೇಳಿದೆ. ಗೆಲ್ಲಿಸಿಕೊಟ್ಟವನನ್ನು ಮುಂದಿನ ವಾರವೇ ಯಾಕೆ ತೆಗೆದರು?

ಗೆದ್ದದ್ದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದ. ಆ ಪಂದ್ಯದ ಹಿಂದಿನ ಗುರುವಾರವೇ ಕೋಚ್ ಕರೆದು ಹೇಳಿದ್ದನಂತೆ. ಹೊಸಬನನ್ನು ಗೊತ್ತುಮಾಡಿ ಆಗಿದೆ, ಅವನ ಕಾಗದಪತ್ರ ಮುಗಿಯಲು ಇನ್ನೊಂದು ವಾರ ಬೇಕು, ಈ ಶನಿವಾರ ಮಾತ್ರ ನೀನು ಆಡು. ಪಂದ್ಯದ ದಿನ ಆ ಹೊಸಬ ನೀಲಿ ಕೋಟು ಹಾಕಿಕೊಂಡು ಅಂಚಿನಲ್ಲೇ ನಿಂತಿದ್ದನಂತೆ.

ಎಲ್ಲರನ್ನೂ ಕರೆಯಿರಿ ಎಂದು ಅವನು ಫೋನು ಮಾಡಿದ್ದು ಗುರುವಾರ ಸಂಜೆ.

"ಮತ್ತ ನಮಗ ಯಾಕ ಹೇಳಲಿಲ್ಲೋ?" ಎಂದೆ.

"ಹೇಳಿದ್ರ ನೀವೆಲ್ಲ ಮುಖ ಸಣ್ಣದು ಮಾಡ್ಕೊಂಡು ನೋಡ್ತಿದ್ರಿ, ಅಪ್ಪಾ. ನೀವು ಖುಷಿಯಿಂದ ನೋಡಬೇಕಾಗಿತ್ತು ನನಗ."

ನಾನು ರಸ್ತೆಯನ್ನೇ ನೋಡುತ್ತಿದ್ದೆ. ಆ ಮೊಣಕಾಲು ಊರಿದ್ದು ಯಾಕೆ ಎಂದು ಕೇಳಿದೆ. ಅವನು ನಕ್ಕ. ಗೆದ್ದವರು ಮಾತ್ರ ಹಾಗೆ ಮಾಡಬಹುದಂತೆ. ಆಟ ಕೈಯಲ್ಲಿದೆ, ಉಳಿದದ್ದು ಕೆಲವೇ ಗಳಿಗೆ, ಇನ್ನು ಎಸೆಯುವುದೂ ಬೇಡ ಓಡುವುದೂ ಬೇಡ, ಚೆಂಡು ಹಿಡಿದು ಸುಮ್ಮನೆ ಮೊಣಕಾಲು ಊರಿದರೆ ಸಾಕು, ಗಡಿಯಾರ ತಾನೇ ಓಡಿ ಮುಗಿಯುತ್ತದೆ. ಎದುರಿನವರೂ ಅದನ್ನು ಒಪ್ಪಿ ಸುಮ್ಮನೆ ನಿಲ್ಲುತ್ತಾರೆ. ಕಾಲೇಜಿನಿಂದ ಎಷ್ಟೋ ಸಲ ಮಾಡಿದ್ದನಂತೆ, ಅದೊಂದು ಕೆಲಸವೆಂದೇ ಅನಿಸಿರಲಿಲ್ಲವಂತೆ. ಆ ದಿನ ಮಾತ್ರ ಚೆಂಡನ್ನು ಅಂಪೈರಿಗೆ ಕೊಡಲು ಸ್ವಲ್ಪ ತಡಮಾಡಿದನಂತೆ. ಹುಲ್ಲು ಒದ್ದೆಯಿತ್ತು, ಮೊಣಕಾಲು ತಣ್ಣಗಾಯಿತು, ಅದು ನೆನಪಿದೆ, ಜನರ ಗದ್ದಲ ನೆನಪಿಲ್ಲ ಎಂದ.

ಒಂದು ಸಿಗ್ನಲ್ಲಿನಲ್ಲಿ ನಿಂತೆವು. ಅವನು ಕಿಟಕಿಯ ಕಡೆಯಿಂದ ನನ್ನ ಕಡೆ ತಿರುಗಿದ.

"ಆಮ್ಯಾಲೆ ನೀವೆಲ್ಲ ಮನ್ಯಾಗ ಏನ ಮಾಡಿದ್ರಿ?"

ಯಾರಾದರೂ ಕೇಳುತ್ತಾರೆಂದು ನಾನು ಎಣಿಸಿರಲಿಲ್ಲ. ಹೇಳಿದೆ. ಶೆಟ್ಟರು ಎದ್ದ ರಭಸಕ್ಕೆ ಚಟ್ನಿಯ ಬಟ್ಟಲು ಮಗುಚಿ ಸೋಫಾದ ಮೇಲೆ ಬಿದ್ದದ್ದು. ಕುಲಕರ್ಣಿ ಬೆಳಗಾವಿಯ ತನ್ನ ಅಣ್ಣನಿಗೆ ಫೋನು ಮಾಡಿ, ನಮ್ಮ ಹುಡುಗ ಜರ್ಮನಿಯ ಕಪ್ ಗೆದ್ದನೆಂದು ಹೇಳಿದ್ದು. ಕಪ್ ಅಲ್ಲ ಮಾರಾಯ ಎಂದು ನಾನು ಹೇಳಿದರೆ, ದೂರದ ಫೋನಿನಲ್ಲಿ ಅಷ್ಟೆಲ್ಲ ವಿವರ ಹೇಳಲಾಗುವುದಿಲ್ಲ ಎಂದದ್ದು. ಗುರು ಜೋರಾಗಿ ನಕ್ಕ.

"ಅಮ್ಮ?"

ಅಮ್ಮ ಎದ್ದು ಮಹಡಿಗೆ ಹೋದಳು ಎಂದೆ. ಬಹಳ ಹೊತ್ತು ಬರಲಿಲ್ಲ. ಅಳುತ್ತಿರಬೇಕು ಎಂದು ನಾನು ಹೋಗಿ ಕರೆಯಬೇಕೆನ್ನುವಷ್ಟರಲ್ಲಿ ಇಳಿದು ಬಂದಳು. ಉಟ್ಟಿದ್ದ ಸೀರೆ ಬಿಟ್ಟು ಹೊಸ ಸೀರೆ ಉಟ್ಟಿದ್ದಳು, ಕುಂಕುಮ ತಿದ್ದಿಕೊಂಡಿದ್ದಳು. ನಾವು ಮೂವರೂ ಬೆರಗಾಗಿ ನೋಡುತ್ತಿದ್ದರೆ, ಮನೆಯಲ್ಲಿ ಸಮಾರಂಭವಿರುವಾಗ ಹಳೆ ಸೀರೆಯಲ್ಲಿ ಬಡಿಸಲು ಆಗುತ್ತದೆಯೇ ಎಂದು ನಮ್ಮನ್ನೇ ಕೇಳಿ ಅಡುಗೆಮನೆಗೆ ಹೋದಳು.

ಹಸಿರು ದೀಪ ಬಂತು. ಹಿಂದಿನ ಕಾರಿನವನು ಹಾರ್ನ್ ಬಾರಿಸಿದ. ನಾನು ಗಾಡಿ ಮುಂದಕ್ಕೆ ಬಿಟ್ಟೆ.

"ಯಾವ ಸೀರಿ?" ಎಂದು ಗುರು ಕೇಳಿದ.

ಇಳಕಲ್ಲಿನದು, ಹಸಿರು ಒಡಲು ಕೆಂಪು ಸೆರಗು ಎಂದೆ. ಅವನು ಸೀಟನ್ನು ಹಿಂದಕ್ಕೆ ಸರಿಸಿ, ಕಾಲು ಚಾಚಿ ಕಣ್ಣು ಮುಚ್ಚಿದ. ಹ್ಯಾರೋಗೆ ಹೊರಳಬೇಕಾದ ತಿರುವು ಎದುರಿಗೆ ಬಂತು. ಹೇಳುವುದು ಇನ್ನೂ ಇತ್ತು, ನಾನು ನೆಟ್ಟಗೆ ಹೋದೆ. ತಿರುವು ಬಿಟ್ಟು ಬಂದದ್ದು ಅವನಿಗೂ ಗೊತ್ತಾಗಿರಬೇಕು, ಏಕೆಂದರೆ ಕಣ್ಣು ತೆರೆದು ಒಮ್ಮೆ ಹೊರಗೆ ನೋಡಿದ. ಮತ್ತೆ ಕಣ್ಣು ಮುಚ್ಚಿ, "ಮುಂದ ಹೇಳ್ರಿ," ಎಂದ.